ಸ್ಟ್ರಾವಾ, ಫೆಲ್ ರನ್ನಿಂಗ್ ಮತ್ತೆ ಬ್ಲೆಂಕಾಥ್ರಾ ಇಳಿಯೋ ದಾರಿ

ಫೆಲ್ ರನ್ನಿಂಗ್ (ಬೆಟ್ಟಗುಡ್ಡ ಹತ್ತಿ ಇಳಿಯೋ ಓಟ) ಮಾಡೋರಲ್ಲಿ ತುಂಬಾ ಜನ ಶೂ ಬಿಚ್ಚೋಕೆ ಮುಂಚೆನೇ ಫೋನ್ ತೆಗೆದು ಓಟ ದಾಖಲಿಸೋ ಆ್ಯಪ್ ಸ್ಟ್ರಾವಾದಲ್ಲಿ ಪೇಸ್, ಅಂದ್ರೆ ಒಂದು ಕಿಲೋಮೀಟರಿಗೆ ಹಿಡಿದ ಟೈಮ್ ನೋಡ್ತಾರೆ, ನನಗಂತೂ ಆ ನಂಬರಿಂದ ಏನೂ ತಿಳಿಯಲ್ಲ. ರೋಡಲ್ಲಿ ಓಡಿದ್ರೆ ಪೇಸಿಗೊಂದು ಅರ್ಥ ಇದೆ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿ ಒಂದು ಕಿಲೋಮೀಟರ್ ಹುಲ್ಲು, ಮುಂದಿನದು ಕಾಲು ಹೂತುಹೋಗೋ ಕೆಸರು, ಆಮೇಲೆ ಬರೀ ಬಂಡೆ. ಗ್ರೇಡ್ ಅಡ್ಜಸ್ಟೆಡ್ ಪೇಸ್ ಅಂತ ಒಂದು ತೋರ್ಸುತ್ತೆ, ಸರಿ, ಅದು ಏರು ಇಳಿಜಾರು ಲೆಕ್ಕ ಹಾಕುತ್ತೆ, ಕಾಲ ಕೆಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗಲ್ಲ.

ಈ ಓಟದಲ್ಲಿ ಎಷ್ಟೋ ಕಡೆ ಗುರುತು ಹಾಕಿದ ದಾರಿನೇ ಇರಲ್ಲ, ಒಂದು ಚೆಕ್‌ಪಾಯಿಂಟಿಂದ ಇನ್ನೊಂದಕ್ಕೆ ನಮಗೆ ಸರಿ ಅನ್ಸಿದ ಕಡೆಯಿಂದ ಹೋಗೋದು. ಹಾಗಾಗಿ ನಾನು ಹೋಲಿಸೋದು ದಾರೀನ. ಬ್ಲೆಂಕಾಥ್ರಾನೇ ತಗೊಳ್ಳಿ, 868 ಮೀಟರ್, ಬಾಬ್ ಗ್ರಹಾಂ ರೌಂಡಲ್ಲಿ ಬರೋ ಬೆಟ್ಟ (24 ಗಂಟೆ ಒಳಗೆ 42 ಶಿಖರ, ಬಾಬ್ ಗ್ರಹಾಂ 1932ರಲ್ಲಿ ಮಾಡಿದ್ದು). ತುದಿಯಿಂದ ಥ್ರೆಲ್ಕೆಲ್ಡ್ ಕಡೆ ಇಳಿಯೋಕೆ ಹಾಲ್ಸ್ ಫೆಲ್ ನೇರ ದಾರಿ, ಆದ್ರೆ ಮೇಲ್ಗಡೆ ಕಲ್ಲಿನ ಏಣು, ಮಳೆ ಬಿದ್ರೆ ಜಾರುತ್ತೆ. ಡಾಡಿಕ್ ಫೆಲ್ ಸ್ವಲ್ಪ ಸುತ್ತು, ಆದ್ರೆ ಧೈರ್ಯವಾಗಿ ಓಡಬಹುದು. ಎರಡೂ ಕಡೆ ಇಳಿದ ಜಿಪಿಎಕ್ಸ್ ಫೈಲ್‌ಗಳನ್ನ (ಓಡಿದ ದಾರಿಯ ಜಿಪಿಎಸ್ ದಾಖಲೆ) ಒಂದೇ ಮ್ಯಾಪ್ ಮೇಲೆ ಹಾಕಿ, ತುದಿಯಿಂದ ಊರಿನ ರಸ್ತೆವರೆಗಿನ ಟೈಮ್ ಮಾತ್ರ ನೋಡಿದ್ರೆ ನನಗೆ ಒಣಗಿದ ದಿನ ಹಾಲ್ಸ್ ಫೆಲ್ ಬೇಗ, ಒದ್ದೆ ದಿನ ಡಾಡಿಕ್. ಇದನ್ನ ಸ್ಟ್ರಾವಾದ ಸೆಗ್ಮೆಂಟ್ (ದಾರಿಯ ಒಂದು ತುಂಡು, ಅದರಲ್ಲಿ ಓಡಿದೋರ ಟೈಮ್ ಪಟ್ಟಿ ಸಮೇತ) ತೋರ್ಸಲ್ಲ, ಯಾಕಂದ್ರೆ ಸೆಗ್ಮೆಂಟ್ ಅಂದ್ರೆ ಒಂದೇ ಗೆರೆ, ಬೇರೆ ಕಡೆಯಿಂದ ಇಳಿದೋರು ಆ ಪಟ್ಟೀಲಿ ಬರೋದೇ ಇಲ್ಲ.

ರೆಕಾರ್ಡಿಂಗನ್ನ ಪ್ರತಿ ಸೆಕೆಂಡಿಗೆ ಇಟ್ಕೊಳ್ಳಿ. ಬ್ಯಾಟರಿ ಉಳಿಸೋ ಮೋಡಲ್ಲಿ ವಾಚು ಪಾಯಿಂಟ್‌ಗಳನ್ನ ಬಿಟ್ಟು ಬಿಟ್ಟು ತಗೊಳ್ಳುತ್ತೆ, ತಿರುವುಗಳೆಲ್ಲ ಮಾಯ ಆಗಿ ದೂರ ಕಮ್ಮಿ ಕಾಣುತ್ತೆ. ಬಯಲಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೆ ಈಚೆ ಇರುತ್ತೆ, ಕಡಿದಾದ ಬಂಡೆ ಪಕ್ಕ ಸಿಗ್ನಲ್ ಬಡಿದು ವಾಪಸ್ ಬರೋದ್ರಿಂದ ಇನ್ನೂ ಜಾಸ್ತಿ, ಅದಕ್ಕೇ ಎರಡು ಗೆರೆ ಹತ್ತಿರ ಇದ್ರೆ ಬೇರೆ ದಾರಿ ಅಂದ್ಕೋಬೇಡಿ. ಎತ್ತರ ಅಂತೂ ಇನ್ನೂ ಕಷ್ಟ. ಬ್ಯಾರೋಮೀಟರ್ ಇರೋ ವಾಚ್ ಮೇಲು, ಆದ್ರೆ ಗಾಳಿಯ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದ್ರೆ ಅದು ಸುಮಾರು 8 ಮೀಟರ್ ಹತ್ತಿದ್ವಿ ಅಂದ್ಕೊಳ್ಳುತ್ತೆ, ಮೋಡ ಕವಿದು ಹವಾಮಾನ ಕೆಡ್ತಿದ್ರೆ ಅದೇ ತುದಿ ಬೆಳಿಗ್ಗೆ ಒಂದೆತ್ತರ ಮಧ್ಯಾಹ್ನ ಒಂದೆತ್ತರ. ಇಬ್ಬರ ವಾಚಲ್ಲಿ ಒಟ್ಟು ಏರು ಬೇರೆ ಬಂತು ಅಂತ ವಾದ ಮಾಡೋದು ದಂಡ, ಮ್ಯಾಪ್ ನೋಡಿ ಏರುಗಳನ್ನ ಕೂಡಿದ್ರೆ ಸಾಕು.

ಇನ್ನೊಂದು ವಿಷಯ, ಎಷ್ಟೋ ಫೆಲ್ ರೇಸ್‌ಗಳಲ್ಲಿ ಜಿಪಿಎಸ್ ನೋಡಿ ದಾರಿ ಹುಡುಕೋ ಹಾಗಿಲ್ಲ, ಮ್ಯಾಪು ದಿಕ್ಸೂಚಿ ಬಳಸೋದು ಬರಲೇಬೇಕು. ಅಂದ್ರೆ ಹೋಲಿಕೆ ಎಲ್ಲ ಮನೇಲಿ ಮುಗಿಸ್ಕೊಂಡು ದಾರೀನ ತಲೇಲಿ ಇಟ್ಕೊಂಡೇ ಹೋಗ್ಬೇಕು, ನನಗೆ ಈ ನಿಯಮ ತುಂಬಾ ಇಷ್ಟ. ಮತ್ತೆ ಪ್ರತಿ ಓಟದ ಹೆಸರಲ್ಲೇ ತಿಂಗಳು, ನೆಲ ಒದ್ದೆಯೋ ಒಣಗಿತ್ತೋ, ಗಾಳಿ ಯಾವ ಕಡೆ ಅಂತ ಬರೆದಿಡಿ, ಮಾರ್ಚಲ್ಲಿ ಚೆನ್ನಾಗಿ ಓಡಿದ ಇಳಿಜಾರಲ್ಲಿ ಜುಲೈ ಹೊತ್ತಿಗೆ ಬ್ರ್ಯಾಕನ್ ಜರೀಗಿಡ ಸೊಂಟದವರೆಗೂ ಬೆಳೆದು ದಾರಿನೇ ಕಾಣಲ್ಲ.