ಕ್ರೀಮಿನ ಡಬ್ಬಿಯಲ್ಲಿ ಕುಸುಬಿ

ಮಗಳು ಇವತ್ತು ಮುಖಕ್ಕೆ ಹಚ್ಚುವ ಕ್ರೀಮ್ ತಂದಳು. ಹಿಂದೆ ಸಣ್ಣ ಅಕ್ಷರದಲ್ಲಿ ‘ಕಾರ್ಥಾಮಸ್ ಟಿಂಕ್ಟೋರಿಯಸ್ ಸೀಡ್ ಆಯಿಲ್’ ಅಂತ ಇತ್ತು. ಹುಡುಕಿ ನೋಡಿದರೆ ನಮ್ಮ ಕುಸುಬಿ ಎಣ್ಣೆ!

ವಿಜಯಪುರದ ಎರೆ ಹೊಲ, ಹಿಂಗಾರಿ ಜೋಳ, ನಡುವೆ ಕುಸುಬಿ ಸಾಲು. ಅವ್ವ ನಸುಕಿನಲ್ಲೇ ಕೊಯ್ಲಿಗೆ ಹೋಗುತ್ತಿದ್ದಳು. ಇಬ್ಬನಿ ಇರುವಾಗ ಮುಳ್ಳು ಸ್ವಲ್ಪ ಮೆತ್ತಗಿರುತ್ತವೆ. ಬಿಸಿಲೇರಿದರೆ ಮುಗೀತು, ಮುಟ್ಟೋಕೇ ಆಗಲ್ಲ. ಕೈಗೆ ಹಳೇ ಸೀರೆಯ ಅರಿವೆ ಸುತ್ತಿಕೊಂಡರೂ ಬೆರಳ ಸಂದಿಯಲ್ಲಿ ಕೆಂಪು ಗೀರು ಬೀಳುತ್ತಿದ್ದವು. ಸಂಜೆ ಆ ಗೀರಿನ ಮೇಲೆ ಗಾಣದ ಕುಸುಬಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಊಟಕ್ಕೆ ಕೂತರೆ ಗುರೆಳ್ಳು ಚಟ್ನಿಗೂ ಅದೇ ಎಣ್ಣೆ.

ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಶೇ. 70ರಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ, ಲಿನೋಲಿಕ್ ಆಮ್ಲ ಇರುತ್ತದೆ. ಚರ್ಮ ತೇವ ಹಿಡಿದಿಡೋಕೆ ಅದು ಬೇಕು. ಮೈ ತಾನಾಗಿ ತಯಾರಿಸಲ್ಲ, ಊಟದಿಂದಲೇ ಬರಬೇಕು.

ಆದರೆ ಪಟ್ಟಿಯಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ, ಅಲ್ವಾ? ಈ ಡಬ್ಬಿಯಲ್ಲಿ ಕುಸುಬಿ ಕೊನೇ ಸಾಲಿನಲ್ಲಿತ್ತು, ಸುವಾಸನೆಗಿಂತಲೂ ಕೆಳಗೆ. ಮುಂದೆ ಮಾತ್ರ ದೊಡ್ಡ ಕುಸುಬಿ ಹೂವಿನ ಚಿತ್ರ. ನನಗೆ ತುಂಬಾ ಬೇಜಾರಾಯಿತು.

ನಾಳೆ ಗಾಣದಿಂದ ಒಂದು ಲೀಟರ್ ತರುತ್ತೇನೆ. ಮಗಳೂ ಬರುತ್ತಾಳಂತೆ.