ಮಾರಾಟಕ್ಕಿರುವ ಬ್ರೂಪಬ್: ಮಾಲ್ಟಿನ ಬಿಲ್ಲು ಮತ್ತು ಟ್ಯಾಂಕಿನ ಲೆಕ್ಕ

ನಾನು ಕೊಳ್ಳಲು ನೋಡುತ್ತಿರುವ ಬ್ರೂಪಬ್‌ನ (ಅಲ್ಲೇ ಬಿಯರ್ ತಯಾರಿಸಿ ಮಾರುವ ಪಬ್) ಮಾರಾಟಗಾರರು ಕಳೆದ ವರ್ಷದ ಲೆಕ್ಕಪತ್ರಗಳ ಜೊತೆಗೆ ನಾನು ಕೇಳಿದ್ದ ಮಾಲ್ಟ್ (ಬಿಯರಿಗೆ ಬಳಸುವ, ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಖರೀದಿಯ ಬಿಲ್ಲುಗಳನ್ನೂ ಕೊಟ್ಟಿದ್ದಾರೆ. ಮಾರಾಟದ ಅಂಕಿಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಶೇ. 5ರ ಆಸುಪಾಸು ಆಲ್ಕೋಹಾಲ್ ಇರುವ ಸಾವಿರ ಲೀಟರ್ ಬಿಯರಿಗೆ ಸುಮಾರು 180ರಿಂದ 200 ಕೆ.ಜಿ. ಮಾಲ್ಟ್ ಬೇಕಾಗುತ್ತದೆ. ಬಿಲ್ಲುಗಳನ್ನು ಕೂಡಿದರೆ 12 ಟನ್ ಆಗುತ್ತದೆ. ಅಂದರೆ ತಯಾರಾಗಿರಬಹುದಾದದ್ದು 60ರಿಂದ 66 ಸಾವಿರ ಲೀಟರ್. ಪುಸ್ತಕದಲ್ಲಿ ಮಾರಾಟ 57 ಸಾವಿರ ಲೀಟರ್ ಎಂದಿದೆ. ಟ್ಯಾಂಕಿನ ತಳದಲ್ಲಿ ಈಸ್ಟಿನೊಂದಿಗೆ ಉಳಿಯುವುದನ್ನೂ ನಲ್ಲಿಯಲ್ಲಿ ನೊರೆಯಾಗಿ ಚೆಲ್ಲಿಹೋಗುವುದನ್ನೂ ಕಳೆದರೆ ಎರಡೂ ಹೊಂದಿಕೆಯಾಗುತ್ತವೆ. ಲೆಕ್ಕ ಪ್ರಾಮಾಣಿಕವಾಗಿದೆ ಎಂಬ ಧೈರ್ಯ ಬಂದಿದೆ.

ಲಾಭದ ಸಾಲಿನ ಬಗ್ಗೆ ಅಷ್ಟು ಧೈರ್ಯವಿಲ್ಲ. ಮಾಲೀಕರೇ ಬಿಯರ್ ತಯಾರಿಸುತ್ತಾರೆ, ಅವರ ಸಂಬಳ ಖರ್ಚಿನಲ್ಲಿ ಎಲ್ಲಿಯೂ ಇಲ್ಲ. ಅನುಭವಿ ಬ್ರೂವರ್ ಒಬ್ಬರ ಸಂಬಳವನ್ನು ಸೇರಿಸಿ ನೋಡಿದಾಗ ತೋರಿಸಿದ ಲಾಭ ಅರ್ಧಕ್ಕಿಂತ ಕೆಳಗಿಳಿಯಿತು.

ಇನ್ನು ಟ್ಯಾಂಕುಗಳು. ಸಾವಿರ ಲೀಟರಿನ ನಾಲ್ಕು ಹುದುಗು ಟ್ಯಾಂಕುಗಳಿವೆ. ಒಂದರ ಮುಚ್ಚಳ ತೆಗೆಸಿ ಟಾರ್ಚ್ ಹಾಕಿ ನೋಡಿದೆ: ತೊಳೆಯುವ ನೀರನ್ನು ಚಿಮ್ಮಿಸುವ ಸ್ಪ್ರೇ ಬಾಲ್‌ನ ಕೆಲವು ರಂಧ್ರಗಳು ಕಟ್ಟಿಕೊಂಡಿದ್ದವು, ಟ್ಯಾಂಕಿನ ಮೇಲ್ಭಾಗದ ಗೋಡೆಯಲ್ಲಿ ಬೆರಳಿಗೆ ಒರಟಾಗಿ ಸಿಗುವ ಬಿಳಿಯ ಬಿಯರ್ ಸ್ಟೋನ್ (ಬಿಯರಿನಿಂದ ಗಟ್ಟಿಕಟ್ಟುವ ಖನಿಜ) ಪದರವಿತ್ತು. ಆಮ್ಲದಿಂದ ತೊಳೆದರೆ ಹೋಗುವ ದೋಷವಿದು, ಹೆದರುವಂಥದ್ದಲ್ಲ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿರುವುದು ಟ್ಯಾಂಕುಗಳ ಸಮಯ. ಬೇಗ ಹುದುಗುವ ಏಲ್ ಬಿಯರ್ ಸುಮಾರು ಎರಡು ವಾರದಲ್ಲಿ ಟ್ಯಾಂಕ್ ಬಿಡುತ್ತದೆ, ತಂಪಿನಲ್ಲಿ ನಿಧಾನವಾಗಿ ಹದಗೊಳ್ಳುವ ಲಾಗರ್ ಬಿಯರ್ ಆರು ವಾರ ಹಿಡಿದುಕೊಳ್ಳುತ್ತದೆ. ಈಗಿರುವಂತೆ ಎರಡು ಟ್ಯಾಂಕುಗಳನ್ನು ಲಾಗರಿಗೇ ಬಿಟ್ಟರೆ, ತೊಳೆಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದು, ವರ್ಷಕ್ಕೆ 65 ಸಾವಿರ ಲೀಟರ್ ದಾಟುವುದು ಕಷ್ಟ. ಮಾಲ್ಟಿನ ಬಿಲ್ಲುಗಳೂ ಅದೇ ಅಂಕಿಯ ಹತ್ತಿರ ಬಂದು ನಿಲ್ಲುತ್ತವೆ. ಹೀಗಿರುವಾಗ, ಮಾರಾಟ ಇನ್ನೂ ಬೆಳೆಯುತ್ತದೆ ಎಂಬ ಭರವಸೆಯ ಮೇಲೆ ಕೇಳುತ್ತಿರುವ ಬೆಲೆಯನ್ನು ನಾನು ಒಪ್ಪಲಾರೆ. ಐದನೆಯ ಟ್ಯಾಂಕಿಗೆ ನೆಲದಲ್ಲಿ ಜಾಗವಿಲ್ಲ, ಟ್ಯಾಂಕುಗಳನ್ನು ತಂಪಾಗಿಡುವ ಗ್ಲೈಕಾಲ್ ಚಿಲ್ಲರ್ ಈಗಲೇ ಬಿಡುವಿಲ್ಲದೆ ಓಡುತ್ತಿದೆ. ಲಾಗರ್ ಕೈಬಿಟ್ಟರೆ ಪ್ರಮಾಣ ಹೆಚ್ಚುತ್ತದೆ ನಿಜ, ಆದರೆ ಜನ ಅಲ್ಲಿಗೆ ಬರುವುದೇ ಆ ಲಾಗರಿಗಾಗಿ.

ಬಾಡಿಗೆ ಕರಾರಿನಲ್ಲಿ ಉಳಿದಿರುವುದು ಮೂರೇ ವರ್ಷ. ಪರವಾನಗಿ ನನ್ನ ಹೆಸರಿಗೆ ವರ್ಗವಾಗುವುದೇ, ಹೊಸದಾಗಿ ಅರ್ಜಿ ಹಾಕಬೇಕೇ ಎಂಬುದನ್ನು ವಕೀಲರು ನೋಡುತ್ತಿದ್ದಾರೆ. ಕಟ್ಟಡದ ಮಾಲೀಕರು ಕರಾರನ್ನು ಮುಂದುವರಿಸುವುದಾಗಿ ಬರೆದುಕೊಟ್ಟ ಮೇಲೆ, ಬ್ರೂವರ್ ಸಂಬಳ ಕಳೆದ ಲಾಭವನ್ನು ಆಧಾರವಾಗಿಟ್ಟುಕೊಂಡು ನನ್ನ ಬೆಲೆಯನ್ನು ಮುಂದಿಡುತ್ತೇನೆ.