ಬೇಲೂರಿನ ಕಪ್ಪು ಕಲ್ಲು ಮತ್ತು ಮೂರು ಲೈಟ್ ಮೀಟರುಗಳು

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು 35 ಮಿ.ಮೀ. ಫಿಲ್ಮಿನಲ್ಲಿ ಹಿಡಿಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಬೆಳಕಿನ ಅಳತೆಯದು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಈ ಗುಡಿಯ ಬಳಪದ ಕಲ್ಲು ಶತಮಾನಗಳ ಗಾಳಿ ಮಳೆಗೆ ಕಪ್ಪೇರಿದೆ. ಮದನಿಕೆಯರು ಸೂರಿನ ಅಡಿಯ ನೆರಳಿನಲ್ಲಿ ಮುಂದಕ್ಕೆ ಬಾಗಿ ನಿಂತಿದ್ದರೆ, ಸೂರಿನ ಅಂಚಿನಾಚೆಗೆ ಕಣ್ಣು ಕೋರೈಸುವ ಆಕಾಶ ಚೌಕಟ್ಟಿನೊಳಗೆ ನುಗ್ಗುತ್ತದೆ. ಕಳೆದ ಬೇಸಿಗೆಯ ಆರಂಭದಲ್ಲಿ ನಾವು ಮೂವರು ಅಲ್ಲಿಗೆ ಹೋದದ್ದು ಹೊಸ ಚಿತ್ರಗಳ ಆಸೆಗಿಂತ ಹೆಚ್ಚಾಗಿ, ಇಂಥ ಕಲ್ಲಿಗೆ ಬೆಳಕನ್ನು ಯಾವ ಬಗೆಯ ಮೀಟರಿನಿಂದ ಅಳೆಯುವುದು ಸರಿ ಎಂಬ, ಬಹುಕಾಲದಿಂದ ಮಾತಿನಲ್ಲೇ ಉಳಿದಿದ್ದ ಒಂದು ವಾದವನ್ನು ಫಿಲ್ಮಿನ ಮೇಲೆ ಇಳಿಸಿ ನೋಡುವುದಕ್ಕಾಗಿ.

ನನ್ನ ಕೈಯಲ್ಲಿದ್ದುದು ನಿಕಾನ್ ಎಫ್‌ಎಂ2. ಅದರೊಳಗಿನ ಮೀಟರು ನೋಟದ ನಡುವಿನ 12 ಮಿ.ಮೀ. ವೃತ್ತಕ್ಕೆ ಶೇ. 60ರಷ್ಟು, ಉಳಿದ ಭಾಗಕ್ಕೆ ಶೇ. 40ರಷ್ಟು ತೂಕ ಕೊಡುತ್ತದೆ. ಹಾಸನದಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ್ದ ಹಿರಿಯರು ಸೆಕಾನಿಕ್ ಎಲ್-398 ತಂದಿದ್ದರು. ಬ್ಯಾಟರಿಯೇ ಬೇಡದ, ಬಿಳಿಯ ಗುಮ್ಮಟವುಳ್ಳ ಆ ಮೀಟರು ವಸ್ತುವಿನಿಂದ ಮರಳುವ ಬೆಳಕನ್ನಲ್ಲ, ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುತ್ತದೆ. ಗೆಳತಿಯ ಬಳಿ ಒಂದು ಡಿಗ್ರಿಯಷ್ಟೇ ಕಿರಿದಾದ ಕೋನದಲ್ಲಿ ನೋಡುವ ಪೆಂಟಾಕ್ಸ್ ಸ್ಪಾಟ್ ಮೀಟರು ಇತ್ತು. ಫಿಲ್ಮು ಎಲ್ಲರದೂ ಒಂದೇ, ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಬೆಳಕಿಗೆ ಸ್ಪಂದಿಸುವ ವೇಗ ಐಎಸ್ಒ 400.

ಅಂಗಳದ ಬಿಸಿಲಿಗೆ ಮೀಟರೇ ಬೇಕಿರಲಿಲ್ಲ. ಬಿಸಿಲು ನಿಚ್ಚಳವಾಗಿದ್ದರೆ ಲೆನ್ಸಿನ ಬೆಳಕಿಂಡಿಯನ್ನು ಎಫ್/16ಕ್ಕೆ ಇಟ್ಟು (ಈ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಫಿಲ್ಮಿನ ವೇಗಕ್ಕೆ ಹತ್ತಿರದ ಶಟರ್ ವೇಗವನ್ನು, ಎಂದರೆ ಇಲ್ಲಿ 1/500 ಸೆಕೆಂಡನ್ನು ಹಾಕಿದರೆ ಸಾಕೆಂಬ ಹಳೆಯ ಲೆಕ್ಕವನ್ನೇ ಮೂರೂ ಮೀಟರುಗಳು ಒಪ್ಪಿದವು. ಹಾಸುಗಲ್ಲು ಬರಿಗಾಲನ್ನು ಸುಡುತ್ತಿದ್ದುದರಿಂದ ನಾವೂ ಬೇಗನೆ ಜಗತಿಯನ್ನೇರಿ ನೆರಳು ಸೇರಿದೆವು. ತಕರಾರು ಶುರುವಾದದ್ದು ಅಲ್ಲಿ.

ಕನ್ನಡಿ ಹಿಡಿದ ಚೆಲುವೆಯತ್ತ ಕ್ಯಾಮೆರಾ ಎತ್ತಿದಾಗ, 1/500ಕ್ಕೆ ನನ್ನ ಮೀಟರು ಎಫ್/11 ಎಂದಿತು. ಮೂಲೆಯಲ್ಲಿ ಇಣುಕಿದ ಆಕಾಶ ಅದನ್ನು ಮರುಳು ಮಾಡಿತ್ತು. ಹಿರಿಯರು ಗೋಡೆಗೆ ಬೆನ್ನು ಹಚ್ಚಿ ನಿಂತು, ಗುಮ್ಮಟವನ್ನು ನೇರವಾಗಿ ಹೊರಕ್ಕೆ ತಿರುಗಿಸದೆ ಕೊಂಚ ಕೆಳಮುಖವಾಗಿ ಹಿಡಿದರು. “ಮದನಿಕೆ ಬಗ್ಗಿ ಅಂಗಳ ನೋಡ್ತಾ ಇದಾಳೆ, ಅವಳಿಗೆ ಬೆಳಕು ಬರೋದು ಹಾಸುಗಲ್ಲಿನಿಂದ, ಆಕಾಶದಿಂದ ಅಲ್ಲ” ಎಂದು ಅವರು ಹೇಳಿದ ಮೇಲೆಯೇ ಆ ಕೋನದ ಮರ್ಮ ನನಗೆ ಹೊಳೆದದ್ದು. ಅವರ ಮುಳ್ಳು ಎಫ್/5.6 ತೋರಿಸಿತು. ಗೆಳತಿ ಕೆನ್ನೆಯೊಂದನ್ನೇ ಗುರಿಯಿಟ್ಟು ಓದಿದಾಗ ಬಂದದ್ದು ಎಫ್/4. ಆದರೆ ಮರಳುವ ಬೆಳಕನ್ನು ಓದುವ ಯಾವ ಮೀಟರಾದರೂ ತಾನು ಕಂಡದ್ದನ್ನೆಲ್ಲ ನಡುಬೂದಿ ಬಣ್ಣವೆಂದೇ ಭಾವಿಸುತ್ತದೆ. ಈ ಕಲ್ಲು ಅದಕ್ಕಿಂತ ಒಂದು ಸ್ಟಾಪ್‌ನಷ್ಟು (ಎಂದರೆ ಅರ್ಧದಷ್ಟೇ ಬೆಳಕು ಮರಳಿಸುವಷ್ಟು) ಕಪ್ಪೆಂದು ಅಂದಾಜಿಸಿ ಆಕೆಯೂ ಎಫ್/5.6ಕ್ಕೆ ಇಳಿಸಿದರು. ಬೇರೆ ಬೇರೆ ದಾರಿಯಲ್ಲಿ ಹೋದ ಇಬ್ಬರೂ ಒಂದೇ ಅಂಕಿಗೆ ಬಂದು ನಿಂತದ್ದು ನನಗೆ ಆ ದಿನದ ಅತ್ಯಂತ ಸೊಗಸಿನ ಕ್ಷಣವಾಗಿತ್ತು. ಆದರೂ ಎಫ್/4ರಿಂದ ಎಫ್/11ರವರೆಗೆ, ನಡುವಿನ ಎಫ್/8 ಸೇರಿ, ಎಲ್ಲ ಅಂಕಿಗಳಲ್ಲೂ ಚಿತ್ರ ತೆಗೆದೆವು.

ಗುಡಿಯ ಒಳಮಂಟಪವಾದ ನವರಂಗದೊಳಗೆ ಸ್ಪಾಟ್ ಮೀಟರಿನದೇ ಮೇಲುಗೈ. ಭುವನೇಶ್ವರಿ ಎನ್ನುವ ಕೆತ್ತನೆಯ ಛಾವಣಿಯ ಸುತ್ತಲಿನ ನಾಲ್ವರು ಮದನಿಕೆಯರ ಬಳಿಗೆ ಗುಮ್ಮಟವನ್ನು ಒಯ್ಯುವುದಾದರೂ ಹೇಗೆ? ಗೆಳತಿ ವಿವರ ಉಳಿಯಲೇಬೇಕಾದ ನೆರಳನ್ನು ಓದಿ, ಅಲ್ಲಿಂದ ಎರಡು ಸ್ಟಾಪ್ ಕಡಿಮೆ ಮಾಡುತ್ತಿದ್ದರು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ, ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಹಂತಗಳಾಗಿ ಎಣಿಸುವ ಝೋನ್ ಪದ್ಧತಿಯಲ್ಲಿ ಅದು ಮೂರನೆಯ ಝೋನ್.

ಹಿರಿಯರ ಮನೆಯಲ್ಲಿ ರೋಲುಗಳನ್ನು ಒಂದೇ ಬಗೆಯ ಡಿ-76 ಡೆವಲಪರ್ ದ್ರಾವಣದಲ್ಲಿ, ಒಂದೇ ಉಷ್ಣತೆಯಲ್ಲಿ ತೊಳೆದು, ಹಂಚಿಕೊಳ್ಳಲೆಂದು ಲ್ಯಾಬಿನಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಹಾಕಿಸಿದೆವು. ಮೇಜಿನ ಮೇಲೆ ಹರಡಿ ನೋಡಿದರೆ ಎಫ್/4ರದೂ ಎಫ್/5.6ರದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಪ್ರಿಂಟ್ ಹಾಕುವ ಯಂತ್ರ ಪ್ರತಿಯೊಂದು ಚಿತ್ರವನ್ನೂ ತನ್ನಷ್ಟಕ್ಕೆ ತಿದ್ದಿ ಸರಾಸರಿಗೆ ತಂದಿತ್ತು. ಪ್ರಿಂಟು ನೋಡಿ ಮೀಟರಿಗೆ ಅಂಕ ಕೊಡುವುದು ವ್ಯರ್ಥವೆಂದು ನಾನು ಅಂದೇ ತೀರ್ಮಾನಿಸಿದೆ. ನಿಜವಾದ ಹೋಲಿಕೆ, ನೆಗೆಟಿವ್ಗಳನ್ನು ಕಾಗದಕ್ಕೆ ತಾಗಿಸಿಟ್ಟು ಅದೇ ಅಳತೆಯಲ್ಲಿ ಅಚ್ಚೊತ್ತುವ ಕಾಂಟ್ಯಾಕ್ಟ್ ಶೀಟಿನಲ್ಲಿದೆ. ಅಲ್ಲಿ 36 ಚಿತ್ರಗಳೂ ಒಂದೇ ಕಾಗದದ ಮೇಲೆ ಒಂದೇ ಬೆಳಕುಂಡಿರುತ್ತವೆ, ಯಾವುದಕ್ಕೂ ಪ್ರತ್ಯೇಕ ಕೃಪೆಯಿಲ್ಲ. ಫಿಲ್ಮಿನ ಖಾಲಿ ಅಂಚು ಪೂರ್ತಿ ಕಪ್ಪಾಗುವುದಕ್ಕೆ ಬೇಕಾದ ಕನಿಷ್ಠ ಹೊತ್ತನ್ನು ಹಿರಿಯರು ಕಾಗದದ ಪರೀಕ್ಷಾ ಪಟ್ಟಿ ತೆಗೆದು ಗೊತ್ತುಮಾಡಿಕೊಂಡು, ಅಷ್ಟೇ ಹೊತ್ತು ಶೀಟಿಗೆ ಬೆಳಕು ಕೊಟ್ಟರು.

24×36 ಮಿ.ಮೀ.ಗಳ ಆ ಪುಟ್ಟ ಚೌಕಗಳ ಮೇಲೆ ಭೂತಕನ್ನಡಿ ಇಟ್ಟಾಗ ವ್ಯತ್ಯಾಸ ಎದ್ದು ಕಂಡಿತು. ಎಫ್/11ರಲ್ಲಿ ಆಕಾಶದ ಮೋಡ ಉಳಿದು ಮದನಿಕೆಯ ಕಣ್ಣು ಕೊರಳಹಾರಗಳು ಮಸಿಯಲ್ಲಿ ಮುಳುಗಿದ್ದವು. ಎಫ್/4ರಲ್ಲಿ ಎಲ್ಲ ಕುಸುರಿಯೂ ಇತ್ತು, ಕಲ್ಲು ಮಾತ್ರ ಸಿಮೆಂಟಿನಂತೆ ಕಾಣುತ್ತಿತ್ತು. ನಾನು ಎಫ್/5.6ರದ್ದನ್ನು ಮೆಚ್ಚಿದೆ. ಹಿರಿಯರ ಬೆರಳು ಎಫ್/8ರ ಮೇಲಿತ್ತು.

“ಕಲ್ಲು ಕಪ್ಪಗಿದ್ರೆ ಕಪ್ಪಗೇ ಇರ್ಲಿ ಬಿಡಿ” ಎಂದರು ಅವರು.

“ಕಪ್ಪು ಬೇಕಾದ್ರೆ ಪ್ರಿಂಟಲ್ಲಿ ಮಾಡ್ಕೊಬಹುದು ಸರ್, ನೆಗೆಟಿವ್‌ನಲ್ಲಿ ಇಲ್ಲದ ಕುಸುರಿಯನ್ನ ಎಲ್ಲಿಂದ ತರೋಣ?” ಎಂದು ಗೆಳತಿ ಕೇಳಿದರು.

ವಾದ ಬೆಳೆಸದೆ ಹಿರಿಯರು ಕತ್ತಲೆಕೋಣೆಗೆ ಹೋಗಿ, ಎಫ್/8ರ ನೆಗೆಟಿವನ್ನು ಹಾಗೆಯೇ, ಎಫ್/5.6ರದ್ದನ್ನು ಅರ್ಧ ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ಕಪ್ಪಾಗಿಸಿ, ಎರಡು ಪ್ರಿಂಟ್ ತೆಗೆದರು. ಕಲ್ಲಿನ ಬಣ್ಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಗಲ್ಲದ ಕೆಳಗಿನ ನೆರಳಿನಲ್ಲಿ ಹಾರದ ಮಣಿಗಳನ್ನು ಒಂದೊಂದಾಗಿ ಎಣಿಸಲು ಬರುತ್ತಿದ್ದುದು ಎರಡನೆಯದರಲ್ಲಿ ಮಾತ್ರ.